ಉಯ್ಯಾಲೆ ಇರಲಿ, ಬೆಳಗಿನ ಅರ್ಧ ಗಂಟೆಯ ಬಗ್ಗೆ ಹೇಳಿ: ಮಕ್ಕಳ ಥೆರಪಿಯಲ್ಲಿ ನನ್ನ ಅನುಭವ

ಮೈಸೂರಿನಲ್ಲಿ ಒಂದು ಬಾಡಿಗೆ ಮನೆಯ ಕೆಳಗಿನ ಭಾಗದಲ್ಲಿ ನಾನು ಮಕ್ಕಳಿಗೆ ಆಕ್ಯುಪೇಷನಲ್ ಥೆರಪಿ, ಅಂದರೆ ಬಟ್ಟೆ ಹಾಕುವುದು, ಬರೆಯುವುದು, ಆಡುವುದು ಮುಂತಾದ ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ ಥೆರಪಿ ಕೊಡುತ್ತೇನೆ. ಎಲ್ಲರೂ ಓಟಿ ಅಂತಲೇ ಕರೆಯುವುದು. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ) ಇರುವ ಮಕ್ಕಳು ಜಾಸ್ತಿ ಬರುತ್ತಾರೆ, ಆಟಿಸಂ (ಬೇರೆಯವರ ಜೊತೆ ಬೆರೆಯಲು, ಮಾತಾಡಲು ತೊಂದರೆ) ಇರುವವರು, ಬೆಳವಣಿಗೆ ನಿಧಾನವಾಗಿರುವವರೂ ಇದ್ದಾರೆ. ನಂಜನಗೂಡು, ಹುಣಸೂರು ಕಡೆಯಿಂದ ಬಸ್ಸು ಹಿಡಿದು ಬರುತ್ತಾರೆ. ಒಳಗೆ ಬಂದ ಕೂಡಲೇ ಅಪ್ಪ ಅಮ್ಮನ ಕಣ್ಣು ಹೋಗುವುದು ಉಯ್ಯಾಲೆ, ದೊಡ್ಡ ಚೆಂಡು, ಟ್ರ್ಯಾಂಪೊಲಿನ್ ಕಡೆಗೆ. "ಇದರಲ್ಲಿ ಎಷ್ಟು ದಿನ ಆಡಿಸಿದ್ರೆ ಸರಿ ಹೋಗ್ತಾನೆ ಮೇಡಂ?" ಅಂತ ಕೇಳುತ್ತಾರೆ.

ಉಯ್ಯಾಲೆ ಸುಮ್ನೆ ಬಂದದ್ದಲ್ಲ. ಅಮೆರಿಕದ ಓಟಿ ತಜ್ಞೆ ಜೀನ್ ಏರ್ಸ್ 1970ರ ದಶಕದಲ್ಲಿ ಒಂದು ವಿಚಾರ ಮುಂದಿಟ್ಟರು. ಮುಟ್ಟಿದ್ದು, ದೇಹದ ಸಮತೋಲನ, ಸ್ನಾಯು ಕೀಲುಗಳಿಂದ ಬರುವ ಸುದ್ದಿ, ಇವನ್ನೆಲ್ಲ ಮಿದುಳು ಸರಿಯಾಗಿ ಜೋಡಿಸಿಕೊಳ್ಳದಿದ್ದರೆ ಕಲಿಕೆಗೂ ತೊಂದರೆಯಾಗುತ್ತದೆ ಅಂತ. ಶರ್ಟಿನ ಕಾಲರಿನ ಲೇಬಲ್ ಚುಚ್ಚುತ್ತದೆಂದು ಅಳುವ ಮಗು, ಕೂದಲು ಕತ್ತರಿಸಲು ಹೋದರೆ ಊರು ಒಂದು ಮಾಡುವ ಮಗು, ಇವರನ್ನು ನಾನು ದಿನಾ ನೋಡುತ್ತೇನೆ, ಅವರ ಕಷ್ಟ ನಿಜ. ಆದರೆ ಉಯ್ಯಾಲೆಯಲ್ಲಿ ತೂಗಿದ್ದರಿಂದಲೇ ತರಗತಿಯಲ್ಲಿ ಗಮನ ಬರುತ್ತದೆ ಎಂದು ಭರವಸೆ ಕೊಡಲು ನನ್ನಿಂದ ಆಗುವುದಿಲ್ಲ. ಏರ್ಸ್ ವಿಚಾರದ ಮೇಲೆ ನಿಂತಿರುವ ಈ ಉಯ್ಯಾಲೆ ಥರದ ಥೆರಪಿಗೆ ಇರುವ ಪುರಾವೆ ಕಡಿಮೆ, ಅದನ್ನು ಪೋಷಕರಿಗೆ ತಿಳಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2012ರಲ್ಲೇ ಹೇಳಿದೆ. ಇಯೋನಾ ನೊವಾಕ್ ಮತ್ತು ಇಂಗ್ರಿಡ್ ಹೊನನ್ 2019ರಲ್ಲಿ ಮಕ್ಕಳ ಓಟಿ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ಮಗು ಯಾವ ಕೆಲಸ ಕಲಿಯಬೇಕೋ ಅದೇ ಕೆಲಸವನ್ನು, ಅದು ನಡೆಯುವ ಜಾಗದಲ್ಲೇ, ಅಪ್ಪ ಅಮ್ಮನನ್ನೂ ಸೇರಿಸಿಕೊಂಡು ಅಭ್ಯಾಸ ಮಾಡಿಸುವುದಕ್ಕೆ ಅವರ ಒಲವು ಸ್ಪಷ್ಟವಾಗಿದೆ. ನನ್ನ ಕೆಲಸದಲ್ಲೂ ಅದೇ ಕಂಡಿದೆ.

ಹಾಗಾಗಿ ನನ್ನ ಮೊದಲ ಪ್ರಶ್ನೆ ಬೇರೆ. "ಬೆಳಗ್ಗೆ ಎದ್ದಾಗಿನಿಂದ ಸ್ಕೂಲ್ ವ್ಯಾನ್ ಹತ್ತೋವರೆಗೂ ಏನೇನಾಗುತ್ತೆ, ಒಂದೊಂದಾಗಿ ಹೇಳಿ."

ನಂಜನಗೂಡಿನ ಕಡೆಯ ಎರಡನೇ ಕ್ಲಾಸಿನ ಹುಡುಗನ ಅಮ್ಮ "ಕೂತಲ್ಲಿ ಕೂರಲ್ಲ, ಏನ್ ಹೇಳಿದ್ರೂ ಕೇಳಲ್ಲ" ಅಂತ ಬಂದಿದ್ದರು. ಆ ಪ್ರಶ್ನೆ ಕೇಳಿದ ಮೇಲೆ ಬೇರೆ ಚಿತ್ರ ಬಂತು. ಹಲ್ಲುಜ್ಜಲು ಕಳಿಸಿದರೆ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಾನೆ, ಶರ್ಟು ಅರ್ಧ ಹಾಕಿ ಬೆಕ್ಕಿನ ಹಿಂದೆ ಹೋಗುತ್ತಾನೆ, ಕೊನೆಗೆ ಅಜ್ಜಿ ತಿಂಡಿ ತಿನ್ನಿಸಿ, ಅಮ್ಮ ಬಟ್ಟೆ ಹಾಕಿ, ಅಪ್ಪ ಎತ್ತಿಕೊಂಡು ಹೋಗಿ ವ್ಯಾನಿಗೆ ಕೂರಿಸುತ್ತಾರೆ. ಮನೆಯವರೆಲ್ಲ ಕೂಗಾಡಿ ಸುಸ್ತಾಗಿರುತ್ತಾರೆ. ಅಮ್ಮ ಆರಿಸಿದ ಗುರಿ ಒಂದೇ: ತಾನಾಗಿ ಬಟ್ಟೆ ಹಾಕಿಕೊಳ್ಳಬೇಕು. ಈಗ ಹತ್ತಕ್ಕೆ ಎಷ್ಟು ಕೊಡ್ತೀರಿ ಅಂದೆ. ಎರಡು ಅಂದರು. ಅದನ್ನು ಬರೆದಿಟ್ಟುಕೊಂಡೆವು.

ಬಟ್ಟೆ ಹಾಕಲು ಕಲಿಸುವಾಗ ನಾನು ಕೊನೆಯ ಹೆಜ್ಜೆಯಿಂದ ಶುರು ಮಾಡಿ ಮೊದಲಿನದರ ಕಡೆಗೆ ಹೋಗುತ್ತೇನೆ. ಅಮ್ಮ ಮೇಲಿನ ಗುಂಡಿಗಳನ್ನೆಲ್ಲ ಹಾಕಿ, ಎಲ್ಲಕ್ಕಿಂತ ಕೆಳಗಿನದನ್ನು ಅರ್ಧ ತೂರಿಸಿ ಬಿಡಬೇಕು. ಅವನು ಎಳೆದರೆ ಕೆಲಸ ಮುಗಿಯಿತು. ಪ್ರತಿ ಸಲವೂ ಅವನ ಕೈಯಲ್ಲೇ ಮುಗಿಯುತ್ತದಲ್ಲ, ಅದು ಮುಖ್ಯ. ಅದು ಬಂದ ಮೇಲೆ ಅದರ ಮೇಲಿನ ಗುಂಡಿ. ಕೆಳಗಿನ ಗುಂಡಿ ಕಣ್ಣಿಗೆ ಕಾಣುತ್ತದೆ, ಕತ್ತಿನ ಹತ್ತಿರದ್ದು ಕಾಣುವುದಿಲ್ಲ, ಅದಕ್ಕೆ ಅದನ್ನು ಕೊನೆಗೆ ಇಟ್ಟುಕೊಳ್ಳುವುದು. ಬಟ್ಟೆಯನ್ನು ಹಾಕುವ ಕ್ರಮದಲ್ಲೇ ಮಂಚದ ಮೇಲೆ ಜೋಡಿಸಿಡಲು ಹೇಳಿದೆ. ಟಿವಿ ಆಫ್. ಅಡುಗೆಮನೆಯಿಂದ ಕೂಗಿ ಹೇಳಿದ್ದು ಲೆಕ್ಕಕ್ಕಿಲ್ಲ; ಹತ್ತಿರ ಹೋಗಿ, ಹೆಗಲು ಮುಟ್ಟಿ, ಒಂದೇ ಒಂದು ಮಾತು ಹೇಳಬೇಕು. ಮಾಡಿದ ತಕ್ಷಣ "ನೀನೇ ಗುಂಡಿ ಹಾಕ್ಕೊಂಡೆ!" ಅಂತ ಏನು ಮಾಡಿದನೋ ಅದನ್ನೇ ಹೇಳಿ ಮೆಚ್ಚಬೇಕು. ಸಂಜೆಗೆ ಚಾಕೊಲೇಟ್ ಕೊಡ್ತೀನಿ ಅನ್ನುವುದು ಎಡಿಎಚ್‌ಡಿ ಇರುವ ಮಗುವಿಗೆ ತುಂಬ ದೂರದ ಮಾತು.

ಅಜ್ಜಿಯನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟ. "ಪಾಪ, ಮಗು ಮೇಡಂ" ಅನ್ನುತ್ತಾರೆ. ಅವರ ಪ್ರೀತಿಯನ್ನು ಬದಿಗೆ ಸರಿಸಿ ಯಾವ ಥೆರಪಿಯೂ ನಡೆಯುವುದಿಲ್ಲ, ಅದಕ್ಕೆ ಅವರಿಗೇ ಕೆಲಸ ಕೊಟ್ಟೆ. ಅವರೆಕಾಯಿ ಕಾಲವಾಗಿತ್ತು. ನೆನೆಸಿದ ಕಾಳನ್ನು ಹಿದುಕಿಸುವುದು, ಚಪಾತಿ ಹಿಟ್ಟು ನಾದಿಸುವುದು, ಸಣ್ಣ ಬಿಂದಿಗೆಯಲ್ಲಿ ಗಿಡಕ್ಕೆ ನೀರು ಹೊರಿಸುವುದು, ಅಳಗುಳಿ ಮಣೆ ಆಡಿಸುವುದು. ಅವರೆಕಾಳು ಹಿದುಕುವಾಗ ಹೆಬ್ಬೆರಳು ತೋರುಬೆರಳು ಒಟ್ಟಿಗೆ ಒತ್ತಬೇಕು, ಗುಂಡಿ ಹಾಕಲೂ ಅದೇ ಬೆರಳು ಬೇಕು. ಆಟದಲ್ಲಿ ತನ್ನ ಸರದಿಗೆ ಕಾಯಬೇಕು. ಕೆಲವು ತಿಂಗಳ ನಂತರ ಅಮ್ಮ ಏಳು ಅಂದರು. ಆ ಏಳನ್ನು ಬರೆಯುವಾಗ ನನಗಾದ ಸಂತೋಷ ದೊಡ್ಡದು.

ಬರವಣಿಗೆಯ ದೂರು ಇಲ್ಲದ ಮಗು ಅಪರೂಪ. ನಾನು ಮೊದಲು ನೋಡುವುದು ಕಾಲು. ಕುರ್ಚಿಯಲ್ಲಿ ಕಾಲು ನೇತಾಡುತ್ತಿದ್ದರೆ ಕೆಳಗೊಂದು ಮಣೆ ಇಡಿ. ನೆಲದ ಮೇಲೆ ಬೋರಲು ಮಲಗಿ ಬರೆಯುತ್ತಿದ್ದರೆ ಮುಂದೊಂದು ಗಿಡ್ಡ ಡೆಸ್ಕ್ ಇಡಿ. ಉದ್ದ ಪೆನ್ಸಿಲ್ ಬೇಡ, ಸೀಮೆಸುಣ್ಣದ ಸಣ್ಣ ತುಂಡು ಕೊಟ್ಟರೆ ಮುಷ್ಟಿ ಹಿಡಿಯಲು ಜಾಗವೇ ಇರುವುದಿಲ್ಲ, ಬೆರಳ ತುದಿ ಕೆಲಸ ಮಾಡಲೇಬೇಕು. ಅಕ್ಷರಗಳಿಗೆ ನಲಿಕಲಿಯ ದಾರಿ ನನಗೆ ಇಷ್ಟ, ಸರ್ಕಾರಿ ಶಾಲೆಗಳ ಆಡುತ್ತಾ ಕಲಿಯುವ ಪದ್ಧತಿ ಅದು. 1995ರಲ್ಲಿ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆಯಲ್ಲೇ ಶುರುವಾದದ್ದು ಅದು. ಅ ಆ ಇ ಈ ಬಿಟ್ಟು, ರ ಗ ಸ ದ ಅ ಅಂತ ಬರೆಯಲು ಸುಲಭವಾದ ಅಕ್ಷರಗಳಿಂದ ಹೋಗುತ್ತಾರೆ. ಕೈ ಸರಿಯಾಗಿ ತಿರುಗದ ಮಗುವಿಗೆ ಇದು ದೊಡ್ಡ ಉಪಕಾರ. ಒತ್ತಕ್ಷರ ಬಂದಾಗ ಒಂದು ಸಾಲು ಬಿಟ್ಟು ಒಂದು ಸಾಲು ಬರೆಸಿ, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ಅಕ್ಷರದ ಮೇಲೆ ಬಿದ್ದು ಮಗುವಿಗೆ ಏನೂ ಕಾಣದೆ ಹೋಗುತ್ತದೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಕೆನಡಾದ ಹೆಲೆನ್ ಪೊಲಟಾಯ್ಕೊ, ಆಂಜೆಲಾ ಮ್ಯಾಂಡಿಚ್ ರೂಪಿಸಿದ ವಿಧಾನ ಬಳಸುತ್ತೇನೆ. ಏನು ಮಾಡ್ಬೇಕು, ಹೇಗೆ ಮಾಡ್ತೀಯ, ಮಾಡು, ಸರಿಯಾಯ್ತಾ ನೋಡು. ಉಪಾಯ ಮಗುವೇ ಹೇಳಬೇಕು, ನಾವು ತಡೆದುಕೊಂಡು ಕಾಯಬೇಕು. ಶೂ ಲೇಸ್ ಕಟ್ಟಲು ಹೋಗಿ ಪ್ರತಿ ಸಲ ವಾಲುತ್ತಿದ್ದ ಹುಡುಗಿಯೊಬ್ಬಳು ತುಂಬ ಹೊತ್ತು ಯೋಚಿಸಿ "ಮೊದ್ಲು ಮೆಟ್ಟಿಲ ಮೇಲೆ ಕೂತ್ಕೋತೀನಿ" ಅಂದಳು. ಅದು ಅವಳದೇ ಉಪಾಯ, ಆದ್ದರಿಂದ ಸ್ಕೂಲಿನಲ್ಲೂ ಮರೆಯಲಿಲ್ಲ.

ಔಷಧಿ ವಿಷಯ ಎಲ್ಲರೂ ಕೇಳುತ್ತಾರೆ. ಅದು ಡಾಕ್ಟರ್ ತೀರ್ಮಾನ. ಎಡಿಎಚ್‌ಡಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಪೋಷಕರಿಗೆ ತರಬೇತಿ ಕೊಡಿ ಎಂದು ಅಮೆರಿಕದ ಮಕ್ಕಳ ವೈದ್ಯರ 2019ರ ಮಾರ್ಗಸೂಚಿ ಹೇಳುತ್ತದೆ. ಅದಕ್ಕಿಂತ ದೊಡ್ಡವರಿಗೆ ಔಷಧಿ ಮತ್ತು ತರಬೇತಿ ಎರಡೂ. ಓಟಿ ಶುರುವಾಯಿತಲ್ಲ ಅಂತ ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ದುಡ್ಡಿನ ಚಿಂತೆ ಇರುವವರು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ) ಕೇಂದ್ರ ಎಲ್ಲಿದೆ ಅಂತ ವಿಚಾರಿಸಿ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ ಅದು, ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆಗೆ ಕಷ್ಟ), ಬುದ್ಧಿ ಬೆಳವಣಿಗೆಯ ತೊಂದರೆ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಗೂ ಅದರಲ್ಲಿ ಪಾಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ, ಇದು ನನಗೆ ಬಹಳ ಬೇಸರದ ಸಂಗತಿ. ಜೊತೆಗೆ ಕಲಿಕಾ ನ್ಯೂನತೆ (ಓದು, ಬರಹ, ಲೆಕ್ಕದಲ್ಲಿ ತೊಂದರೆ) ಇರುವ ಅನುಮಾನವಿದ್ದರೆ ಅದರ ತಪಾಸಣೆಯನ್ನೂ ಮಾಡಿಸಿ, ಸ್ಕೂಲ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗಲು ಆ ಸರ್ಟಿಫಿಕೇಟ್ ಬೇಕಾಗುತ್ತದೆ.

ನೀವು ಈಗಾಗಲೇ ಎಲ್ಲೋ ಥೆರಪಿಗೆ ಹೋಗುತ್ತಿದ್ದರೆ ಮುಂದಿನ ಸಲ ಹೊರಗಿನ ಕುರ್ಚಿಯಲ್ಲಿ ಕೂರಬೇಡಿ. ಒಳಗೆ ಬರ್ತೀನಿ ಅಂತ ಕೇಳಿ. ಈ ತಿಂಗಳ ಗುರಿ ಏನು, ಅದಕ್ಕೆ ಮನೆಯಲ್ಲಿ ನಾನು ದಿನಾ ಏನು ಮಾಡಿಸಬೇಕು, ಆಯಿತು ಅಂತ ಹೇಗೆ ಗೊತ್ತಾಗುತ್ತೆ, ಈ ಮೂರನ್ನು ಕೇಳಿ ಬರೆದುಕೊಳ್ಳಿ. ಉತ್ತರ ಕೊಡದೆ "ನಮಗೆ ಬಿಡಿ" ಅಂದರೆ ಇನ್ನೊಬ್ಬ ಓಟಿ ತಜ್ಞರನ್ನು ಹುಡುಕಿ.