ಗೋಪುರ ಹಿಂದಕ್ಕೆ ಬೀಳದಂತೆ ಹಂಪಿಯನ್ನು ಹಿಡಿಯುವುದು ಹೇಗೆ?

ಸಂಜೆ ಹೊತ್ತು ಹಂಪಿಯ ಹೇಮಕೂಟ ಗುಡ್ಡದ ಬಂಡೆಯ ಮೇಲೆ ಹೊಸ ವೈಡ್ ಆ್ಯಂಗಲ್ (ಅಗಲ ನೋಟದ) ಲೆನ್ಸ್ ತಂದವರನ್ನು ದೂರದಿಂದಲೇ ಗುರುತಿಸಬಹುದು. ಹತ್ತು ಹೆಜ್ಜೆ ಹಿಂದೆ ಸರಿಯುತ್ತಾರೆ, ಕ್ಯಾಮೆರಾ ಮೂತಿಯನ್ನು ಮೇಲಕ್ಕೆತ್ತುತ್ತಾರೆ, ‘ಎಲ್ಲಾ ಬಂತು’ ಅನ್ನುತ್ತಾರೆ. ಬಂದಿರುವುದೇನೋ ನಿಜ. ಅರ್ಧ ಚಿತ್ರ ಬೋಳು ಆಕಾಶ, ಕಾಲು ಭಾಗ ಬೋಳು ಬಂಡೆ, ನಡುವೆ ಬೆಂಕಿಪೊಟ್ಟಣದಷ್ಟು ವಿರೂಪಾಕ್ಷ ಗೋಪುರ, ಅದೂ ಮಲಗಲು ಹೊರಟಂತೆ ಹಿಂದಕ್ಕೆ ವಾಲಿದೆ.

ಎಲ್ಲವನ್ನೂ ತುಂಬಿಸಿಕೊಳ್ಳಲು ಈ ಲೆನ್ಸ್ ಕೊಂಡರೆ ಹಣ ದಂಡ. ಯಾವುದಾದರೂ ಒಂದು ವಸ್ತುವಿನ ಮೂಗಿನ ತನಕ ಹೋಗಿ, ಅದರ ಬೆನ್ನಿಗೆ ಊರನ್ನು ನಿಲ್ಲಿಸುವುದಕ್ಕೆ ಇದು ಬೇಕು. ಕೆಳಗಿನ ಲೆಕ್ಕವೆಲ್ಲ ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ 16 ಮಿ.ಮೀ. ಫೋಕಲ್ ಲೆಂತ್ ಲೆನ್ಸಿಗೆ ಹಾಕಿದ್ದು; ಈ ಸಂಖ್ಯೆ ಕಡಿಮೆಯಾದಷ್ಟೂ ನೋಟ ಅಗಲ. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಇದ್ದವರು 10 ಅಥವಾ 11 ಮಿ.ಮೀ. ಎಂದು ಓದಿಕೊಳ್ಳಿ.

1. ಚೀಲಕ್ಕೆ ಏನು ಹಾಕಬೇಕು

ಒಂದು ಕ್ಯಾಮೆರಾ, ಒಂದು ಲೆನ್ಸ್, ಒಂದು ಹೆಚ್ಚುವರಿ ಬ್ಯಾಟರಿ, ಒರೆಸುವ ಬಟ್ಟೆ, ನೀರು. ಎಫ್/2.8ರ ಭಾರದ ಲೆನ್ಸ್ ಬೇಡ. (ಎಫ್ ಸಂಖ್ಯೆ ಎಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಸಣ್ಣ.) ಹಗಲಿನ ಹಂಪಿಯಲ್ಲಿ ಎಫ್/8ರಿಂದ ಎಫ್/11ರ ನಡುವೆಯೇ ಕೆಲಸ ಮುಗಿಯುವುದರಿಂದ ಎಫ್/4ರ ಹಗುರದ ಲೆನ್ಸ್ ಧಾರಾಳ ಸಾಕು.

ಜೂಮ್ ಲೆನ್ಸ್ ಆಗಿದ್ದರೆ ಮೊದಲ ದಿನ ಜೂಮ್ ಉಂಗುರವನ್ನು 16ಕ್ಕೆ ತಿರುಗಿಸಿ ಒಂದು ತುಂಡು ಟೇಪ್ ಅಂಟಿಸಿಬಿಡಿ. ಕೈ ಜೂಮ್ ಮಾಡುವುದನ್ನು ಬಿಟ್ಟರೆ ಕಾಲು ನಡೆಯಲು ಕಲಿಯುತ್ತದೆ.

ಕೊಳ್ಳಬಾರದ ಸಾಮಾನುಗಳನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ‘0.45 ಎಕ್ಸ್ ವೈಡ್ ಕನ್ವರ್ಟರ್’ ಎಂಬ ಗಾಜು, ಮೊಬೈಲಿಗೆ ಕ್ಲಿಪ್ಪಿನಂತೆ ಸಿಕ್ಕಿಸುವ ಅಗ್ಗದ ಲೆನ್ಸ್. ಇವುಗಳಲ್ಲಿ ನಡುಭಾಗ ಮಾತ್ರ ಚಿತ್ರ, ನಾಲ್ಕು ಮೂಲೆಗಳಲ್ಲಿ ಎಣ್ಣೆ ಬಳಿದಂಥ ಮಸುಕು. ಆಕಾಶದ ನೀಲಿಯನ್ನು ಗಾಢಗೊಳಿಸುವ ಪೋಲರೈಸರ್ ಫಿಲ್ಟರನ್ನೂ ಮನೆಯಲ್ಲೇ ಬಿಡಿ. ಸೂರ್ಯನಿಗೆ 90 ಡಿಗ್ರಿ ಕೋನದಲ್ಲಿರುವ ಆಕಾಶದ ಮೇಲೆ ಅದರ ಪರಿಣಾಮ ಅತಿ ಹೆಚ್ಚು, ಉಳಿದ ಕಡೆ ಕಡಿಮೆ. 16 ಮಿ.ಮೀ. ಅಡ್ಡಕ್ಕೆ 97 ಡಿಗ್ರಿಯಷ್ಟು ಅಗಲ ನೋಡುವುದರಿಂದ ಎರಡೂ ಒಂದೇ ಚಿತ್ರದಲ್ಲಿ ಬಂದು, ಆಕಾಶದಲ್ಲಿ ಸೀರೆಯಂಚಿನಂತೆ ಒಂದು ಕಡುನೀಲಿ ಪಟ್ಟೆ ಕೂರುತ್ತದೆ. ಆಮೇಲೆ ಅದನ್ನು ತೆಗೆಯುವುದು ಬಲು ಕಷ್ಟ.

ಟ್ರೈಪಾಡ್ ವಿಷಯ: ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕಗಳಲ್ಲಿ ಅದಕ್ಕೆ ಮುಂಚಿತ ಅನುಮತಿ ಬೇಕು, ಡ್ರೋನಿಗಂತೂ ಬೇಕೇ ಬೇಕು. ಬದಲಿಗೆ ಅರ್ಧ ಕೆ.ಜಿ. ಮರಳು ತುಂಬಿ ಹೊಲಿದ ಗಟ್ಟಿ ಬಟ್ಟೆಯ ಚೀಲ ಒಯ್ಯಿರಿ. ಬಂಡೆಯ ಮೇಲಿಟ್ಟು ಕ್ಯಾಮೆರಾ ಕೂರಿಸಿ 2 ಸೆಕೆಂಡಿನ ಟೈಮರ್ ಹಾಕಿದರೆ ಮುಗಿಯಿತು. ರಾಗಿ, ಅಕ್ಕಿ ತುಂಬಿದ ಚೀಲವೂ ಚೆನ್ನಾಗಿ ಕೂರುತ್ತದೆ. ಆದರೆ ಹಂಪಿಯ ಕೋತಿಗಳಿಗೆ ಅದರ ವಾಸನೆ ನಿಮಗಿಂತ ಮೊದಲು ಗೊತ್ತಾಗುತ್ತದೆ. ಕೆತ್ತನೆಯ ಕಂಬ, ಪೀಠಗಳ ಮೇಲೆ ಏನನ್ನೂ ಇಡಬೇಡಿ.

2. ಯಾವಾಗ ಹೋಗಬೇಕು

ಎಲ್ಲರೂ ಡಿಸೆಂಬರ್, ಜನವರಿ ಅನ್ನುತ್ತಾರೆ. ನಡೆದಾಡಲು ಅದು ಸರಿ, ಅಗಲ ಲೆನ್ಸಿಗೆ ಸಲ್ಲದು. ಚಿತ್ರದ ಅರ್ಧ ಆಕಾಶವೇ ಇರುವಾಗ ಮೋಡವಿಲ್ಲದ ಆಕಾಶ ಬಿಳಿಗೋಡೆಯಷ್ಟೇ ಸಪ್ಪೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಬಿಡುವು ಕೊಟ್ಟ ದಿನ ಹೋಗಿ. ಮೋಡವೂ ಸಿಗುತ್ತದೆ, ಬಂಡೆಯ ತಗ್ಗುಗಳಲ್ಲಿ ನೀರೂ ನಿಂತಿರುತ್ತದೆ.

3. ನಿಲ್ಲುವುದು, ಕೂರುವುದು, ಮಟ್ಟ ಹಿಡಿಯುವುದು

ನೂರಕ್ಕೆ ತೊಂಬತ್ತು ಚಿತ್ರ ಕೆಡುವುದು ಇಲ್ಲೇ. ಬೇರೆ ಹೆಜ್ಜೆಗಳನ್ನು ಮರೆತರೂ ಇದನ್ನು ಮರೆಯಬೇಡಿ.

ಮೊದಲು ಮುನ್ನೆಲೆ, ಅಂದರೆ ಚಿತ್ರದಲ್ಲಿ ನಿಮಗೆ ಹತ್ತಿರವಿರುವ ವಸ್ತು. 60 ಸೆಂ.ಮೀ. ಅಗಲದ ಒಂದು ಕಲ್ಲು ಲೆನ್ಸಿನಿಂದ 60 ಸೆಂ.ಮೀ. ದೂರದಲ್ಲಿದ್ದರೆ ಚಿತ್ರದ ಅಗಲದಲ್ಲಿ ಶೇ 44ರಷ್ಟನ್ನು ತುಂಬುತ್ತದೆ. ಒಂದೇ ಹೆಜ್ಜೆ ಹಿಂದೆ ಸರಿದು 1.2 ಮೀಟರಿಗೆ ಬಂದರೆ ಶೇ 22. ಮೂರು ಮೀಟರಿಗೆ ಹೋದರೆ ಶೇ 9, ಅಂದರೆ ಕಲ್ಲು ಇದ್ದೂ ಇಲ್ಲದಂತೆ. ಇಷ್ಟು ಹೊತ್ತೂ ನೂರು ಮೀಟರ್ ಆಚೆಯ ಗೋಪುರದ ಗಾತ್ರ ಕಣ್ಣಿಗೆ ಕಾಣುವಷ್ಟು ಬದಲಾಗಿರುವುದೇ ಇಲ್ಲ. ಹಿಂದೆ ಸರಿದಾಗ ಗೋಪುರಕ್ಕೆ ಏನೂ ಲಾಭವಿಲ್ಲ, ಮುನ್ನೆಲೆಗೆ ಮಾತ್ರ ನಷ್ಟ. ಹಾಗಾಗಿ ಸರಿಯಾಯಿತು ಅನ್ನಿಸಿದ ಜಾಗದಿಂದ ಇನ್ನೂ ಅರ್ಧ ಹೆಜ್ಜೆ ಮುಂದೆ ಹೋಗಿ.

ಮುನ್ನೆಲೆಯ ವಸ್ತುವಿಗೆ ಒಂದು ಆಕಾರ ಇರಬೇಕು. ಬಂಡೆಯಲ್ಲಿ ಕಡಿದ ಮೆಟ್ಟಿಲು, ಬಿರುಕು, ನೀರು ತುಂಬಿದ ಕುಳಿ, ಬಿದ್ದ ಕಂಬದ ತುಂಡು, ಇಂಥದ್ದು. ಕುರುಚಲು ಹುಲ್ಲು ಮುನ್ನೆಲೆಯಾಗುವುದಿಲ್ಲ, ಬರೀ ಗಲೀಜಾಗುತ್ತದೆ.

ಎರಡನೆಯದು ಕ್ಯಾಮೆರಾದ ಎತ್ತರ. ಕ್ಯಾಮೆರಾವನ್ನು ಅಡ್ಡಲಾಗಿ, ನೆಲಕ್ಕೆ ಸಮನಾಗಿ ಹಿಡಿದರೆ 16 ಮಿ.ಮೀ. ಕೆಳಗೆ 37 ಡಿಗ್ರಿವರೆಗೆ ನೋಡುತ್ತದೆ. ನಿಂತು ಕಣ್ಣಿನ ಮಟ್ಟದಲ್ಲಿ, ಅಂದರೆ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದಾಗ ಚಿತ್ರದ ಕೆಳ ಅಂಚಿಗೆ ಬರುವ ನೆಲ ನಿಮ್ಮಿಂದ 2 ಮೀಟರ್ ದೂರದ್ದು. ಅದಕ್ಕಿಂತ ಹತ್ತಿರದ ಕಲ್ಲು ಚಿತ್ರದೊಳಗೇ ಇಲ್ಲ! ಮಂಡಿಯೂರಿ 60 ಸೆಂ.ಮೀ.ಗೆ ಇಳಿಸಿದರೆ 80 ಸೆಂ.ಮೀ. ದೂರದ ನೆಲವೂ ಒಳಗೆ ಬರುತ್ತದೆ. ನಿಂತೇ ತೆಗೆಯುವವರ ಚಿತ್ರದಲ್ಲಿ ಮುನ್ನೆಲೆ ಪೇಲವವಾಗಿರುವುದಕ್ಕೆ ಕಾರಣ ಮಂಡಿ ಬಗ್ಗದಿರುವುದೇ ಹೊರತು ಲೆನ್ಸ್ ಅಲ್ಲ.

ಹಾಗೆಂದು ಹೊಟ್ಟೆಯ ಮೇಲೆ ಮಲಗಿ ನೆಲಕ್ಕೇ ಅಂಟಿಸಿದರೆ ಇನ್ನೊಂದು ತಪ್ಪು. ಮುಂದಿನ ಕಲ್ಲು ಎದ್ದು ಬಂದು ಗೋಪುರದ ಬುಡವನ್ನು ನುಂಗುತ್ತದೆ, ನಡುವಿನ ನೆಲ ಗೆರೆಯಷ್ಟು ತೆಳ್ಳಗಾಗುತ್ತದೆ. ಪರೀಕ್ಷೆ ಸುಲಭ: ಮುನ್ನೆಲೆಯ ಕಲ್ಲಿಗೂ ಹಿಂದಿನ ಗುಡಿಯ ಬುಡಕ್ಕೂ ನಡುವೆ ಒಂದು ಬೆರಳಿನಷ್ಟಾದರೂ ನೆಲ ಪರದೆಯಲ್ಲಿ ಕಾಣಬೇಕು. ಕಾಣದಿದ್ದರೆ ಕ್ಯಾಮೆರಾವನ್ನು ಒಂದೊಂದೇ ಗೇಣು ಮೇಲೆತ್ತಿ. ಹೇಮಕೂಟದಂಥ ಇಳಿಜಾರು ಬಂಡೆಯಲ್ಲಿ ಮಂಡಿಗೂ ಸೊಂಟಕ್ಕೂ ನಡುವೆ ಎಲ್ಲೋ ಸರಿಯಾದ ಎತ್ತರ ಸಿಗುತ್ತದೆ.

ಮೂರನೆಯದು ಮಟ್ಟ. ಕ್ಯಾಮೆರಾ ಮೂತಿ ಮೇಲಕ್ಕೆ ಎತ್ತಿದೊಡನೆ ನೇರ ಗೆರೆಗಳು ಮೇಲೆ ಹೋಗುತ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ, ಗೋಪುರ ಹಿಂದಕ್ಕೆ ಬೀಳುತ್ತದೆ. ಹಂಪಿಯ ಗೋಪುರಗಳು ಮೊದಲೇ ಮೇಲೆ ಕಿರಿದಾಗುವಂಥವು, ಆದ್ದರಿಂದ ಇಲ್ಲಿ ಈ ತಪ್ಪು ಇಮ್ಮಡಿಯಾಗಿ ಕಾಣುತ್ತದೆ. ಕ್ಯಾಮೆರಾದ ಎಲೆಕ್ಟ್ರಾನಿಕ್ ಲೆವೆಲ್ ಆನ್ ಮಾಡಿ. ಎಡ-ಬಲದ ಗೆರೆಯನ್ನು ಎಲ್ಲರೂ ನೋಡುತ್ತಾರೆ. ಮುಖ್ಯವಾದದ್ದು ಮುಂದೆ-ಹಿಂದೆ ವಾಲುವುದನ್ನು ತೋರಿಸುವ ಇನ್ನೊಂದು ಗೆರೆ. ಕೆಲವು ಕ್ಯಾಮೆರಾಗಳಲ್ಲಿ ಅದು ಇರುವುದಿಲ್ಲ. ಆಗ ದಿಗಂತ ಚಿತ್ರದ ನಟ್ಟನಡುವೆ ಬಂದರೆ ಕ್ಯಾಮೆರಾ ಮಟ್ಟವಾಗಿದೆ ಎಂದರ್ಥ.

ಆದರೆ ಮಟ್ಟ ಹಿಡಿದರೆ ಗೋಪುರದ ಕಳಶ ಕತ್ತರಿಸಿ ಹೋಗುತ್ತದಲ್ಲ? ಹೋಗದಂತೆ ಎಷ್ಟು ದೂರ ನಿಲ್ಲಬೇಕೆಂಬ ಲೆಕ್ಕವಿದೆ. ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಕಟ್ಟಡ ಎಷ್ಟು ಎತ್ತರವೋ ಸುಮಾರು ಅಷ್ಟೇ ದೂರ. ಅಡ್ಡಕ್ಕೆ ಹಿಡಿದರೆ ಎತ್ತರಕ್ಕೆ ಅದರ ಮೂರನೇ ಒಂದು ಭಾಗ ಸೇರಿಸಿ. ವಿರೂಪಾಕ್ಷನ ಪೂರ್ವದ ದೊಡ್ಡ ಗೋಪುರ ಸುಮಾರು 50 ಮೀಟರ್. ಎದುರಿಗೆ ಉದ್ದನೆಯ ತೇರುಬೀದಿ ಇರುವುದರಿಂದ 50 ಮೀಟರ್ ಹಿಂದೆ ಬಂದು ಉದ್ದಕ್ಕೆ, ಅಥವಾ 65 ಮೀಟರ್ ಹಿಂದೆ ಬಂದು ಅಡ್ಡಕ್ಕೆ ಮಟ್ಟವಾಗಿ ತೆಗೆಯಬಹುದು. 6.7 ಮೀಟರಿನ ಉಗ್ರನರಸಿಂಹನಿಗೆ 7 ಮೀಟರ್ ದೂರ ನಿಂತರೆ ಅಡ್ಡ ಚಿತ್ರದಲ್ಲೇ ಮುಡಿಯವರೆಗೆ ಬರುತ್ತದೆ, ನಿಮ್ಮ ಎತ್ತರವನ್ನು ಅವನ ಎತ್ತರದಿಂದ ಕಳೆಯಬೇಕಲ್ಲ, ಅದರಿಂದ. 24 ಮಿ.ಮೀ. ಇದ್ದವರು ಉದ್ದಕ್ಕೆ ಎತ್ತರದ ಒಂದೂ ಕಾಲು ಪಟ್ಟಿಗಿಂತ ತುಸು ಹೆಚ್ಚು, ಅಡ್ಡಕ್ಕೆ ಎರಡು ಪಟ್ಟು ದೂರ ಇಟ್ಟುಕೊಳ್ಳಿ.

ಕೆಳಗಿನ ಅರ್ಧದಲ್ಲಿ ಬರೀ ರಸ್ತೆ ಬಂದರೆ ಆಮೇಲೆ ಕತ್ತರಿಸಿ. 24 ಮೆಗಾಪಿಕ್ಸೆಲ್‌ನಲ್ಲಿ ಅರ್ಧ ಹೋದರೂ ಉಳಿದ 12ರಲ್ಲಿ ಎ3 ಗಾತ್ರದ ಮುದ್ರಣ ಚೆನ್ನಾಗಿಯೇ ಬರುತ್ತದೆ.

ಮಟ್ಟದ ನಿಯಮಕ್ಕೆ ಒಂದು ವಿನಾಯಿತಿ ಉಂಟು: ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲು ಪುಷ್ಕರಣಿ. ಅಲ್ಲಿ ನೆಟ್ಟಗೆ ನಿಂತ ಗೋಡೆ, ಗೋಪುರ ಯಾವುದೂ ಇಲ್ಲ, ಧಾರಾಳವಾಗಿ ಕ್ಯಾಮೆರಾ ಕೆಳಕ್ಕೆ ಬಗ್ಗಿಸಿ. ಒಂದು ಬದಿಯ ನಡುವೆ ನಿಲ್ಲುವುದಕ್ಕಿಂತ ಮೂಲೆಯಿಂದ ತೆಗೆದರೆ ಮೆಟ್ಟಿಲುಗಳ ಗೆರೆಗಳು ಎರಡೂ ಕಡೆ ಓಡುತ್ತವೆ.

4. ಫೋಕಸ್

ಗೋಪುರದ ಮೇಲೆ ಫೋಕಸ್ ಮಾಡಬೇಡಿ. ಎಫ್/11 ಇಟ್ಟು ಸುಮಾರು 80 ಸೆಂ.ಮೀ. ದೂರಕ್ಕೆ ಫೋಕಸ್ ಮಾಡಿದರೆ 40 ಸೆಂ.ಮೀ.ನಿಂದ ಅನಂತದವರೆಗೆ ಎಲ್ಲವೂ ಸಾಕಷ್ಟು ಚೂಪಾಗಿರುತ್ತದೆ. ಎಫ್/8 ಆದರೆ 1.1 ಮೀಟರಿಗೆ ಫೋಕಸ್, 55 ಸೆಂ.ಮೀ.ನಿಂದ ಆಚೆ ಎಲ್ಲ ಚೂಪು. ಒಮ್ಮೆ ಹೊಂದಿಸಿ ಮ್ಯಾನುಯಲ್‌ಗೆ ಬದಲಿಸಿಬಿಡಿ. ಎಫ್/22ಕ್ಕೆ ಹೋಗುವವರಿದ್ದಾರೆ. ಅಷ್ಟು ಸಣ್ಣ ಕಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಮಳೆನೀರಿನ ಕುಳಿಯಲ್ಲಿ ಗೋಪುರದ ಬಿಂಬ ಹಿಡಿಯುವುದು ಬೇರೆಯೇ ಆಟ. ಲೆನ್ಸನ್ನು ನೀರಿನಿಂದ ನಾಲ್ಕೈದು ಬೆರಳು ಮೇಲೆ ಹಿಡಿದರೆ ಒಂದು ಮೀಟರ್ ಅಗಲದ ಕುಳಿ ಕೆರೆಯಂತೆ ಹರಡಿಕೊಳ್ಳುತ್ತದೆ. ನೀರು ಹತ್ತಿರವಿದೆಯೆಂದು ನೀರಿಗೆ ಫೋಕಸ್ ಮಾಡಿದಿರೋ, ಬಿಂಬ ಮಸುಕು. ಬಿಂಬದ ಫೋಕಸ್ ದೂರ ಗೋಪುರದ ದೂರವೇ, ಎಫ್/11ರಲ್ಲಿ ಅದೇ 80 ಸೆಂ.ಮೀ. ಸೆಟ್ಟಿಂಗ್ ಇರಲಿ. ಕುಳಿಯ ಹತ್ತಿರದ ಅಂಚು ಸ್ವಲ್ಪ ಮಸುಕಾಗುತ್ತದೆ, ಆಗಲಿ.

5. ಸೂರ್ಯ

ಬೆಳಿಗ್ಗೆ ಕತ್ತಲಲ್ಲೇ ಮತಂಗ ಪರ್ವತ ಹತ್ತಿ ಕೂತು, ಸೂರ್ಯೋದಯವನ್ನು 16ರಲ್ಲಿ ತೆಗೆದು ನಿರಾಶರಾಗುವವರು ಬಹಳ. ಈ ಲೆನ್ಸಿನಲ್ಲಿ ಸೂರ್ಯನ ಬಿಂಬ ಸೆನ್ಸರಿನ ಮೇಲೆ 0.15 ಮಿ.ಮೀ. ಅಷ್ಟೇ. ಸಾಸಿವೆಕಾಳು ಗಣೇಶನ ಊರಿನಲ್ಲಿ ಸಾಸಿವೆಕಾಳು ಸೂರ್ಯ. ದೊಡ್ಡ ಕೆಂಪು ಸೂರ್ಯ ಬೇಕಿದ್ದರೆ 200 ಮಿ.ಮೀ. ಲೆನ್ಸ್ ಹಿಡಿದು ಹತ್ತಿ.

ಅಗಲ ಲೆನ್ಸಿನವರು ಸೂರ್ಯನನ್ನು ಕಂಬದ ಅಥವಾ ಬಂಡೆಯ ಅಂಚಿಗೆ ಅರ್ಧ ಮರೆಮಾಡಿ ಎಫ್/16ರಲ್ಲಿ ನಕ್ಷತ್ರವಾಗಿಸುವುದು ವಾಸಿ. ಕಂಡಿಯನ್ನು ಕಿರಿದಾಗಿಸುವ ಅಪರ್ಚರ್ ಎಸಳುಗಳು ಸಮಸಂಖ್ಯೆಯಲ್ಲಿದ್ದರೆ ಅಷ್ಟೇ ಕಿರಣ, ಬೆಸವಾದರೆ ಎರಡು ಪಟ್ಟು. ಈ ಹೊತ್ತಿಗೆ ಲೆನ್ಸಿನ ಕಾವಲಿಗೆಂದು ಹಾಕುವ ಯುವಿ ಫಿಲ್ಟರ್ ಬಿಚ್ಚಿಡಿ. ಅಗ್ಗದ ಫಿಲ್ಟರ್ ಇದ್ದರೆ ಚಿತ್ರದಲ್ಲಿ ಹಸಿರು ಬಿಲ್ಲೆಗಳು ಮೂಡುವುದು ಹೆಚ್ಚು. ಚಿತ್ರ ಮಂಕಾಗಲು ಮುಂಗಾಜಿನ ಮೇಲಿನ ಒಂದು ಬೆರಳ ಗುರುತೂ ಸಾಕು.

ಸೂರ್ಯ ಬೆನ್ನ ಹಿಂದಿದ್ದರೆ ನಿಮ್ಮದೇ ನೆರಳು ಚಿತ್ರದೊಳಗೆ. ಚಳಿಗಾಲದ ಸಂಜೆ ಹೇಮಕೂಟದಿಂದ ಈಶಾನ್ಯದ ಗೋಪುರದ ಕಡೆ ತಿರುಗಿದಾಗ ತಪ್ಪದೆ ಆಗುವ ಎಡವಟ್ಟು ಇದು. ಕುಳಿತರೆ ನೆರಳು ಗಿಡ್ಡವಾಗುತ್ತದೆ. ಇಲ್ಲವೇ ಯಾವುದಾದರೂ ಬಂಡೆಯ ನೆರಳಿನೊಳಗೆ ನಿಮ್ಮ ನೆರಳನ್ನು ಬಚ್ಚಿಡಿ.

6. ಮಂಟಪದ ಒಳಗೆ

ಒಳಗೆ ಕತ್ತಲು, ಕಂಬಗಳ ನಡುವೆ ಕಣ್ಣು ಕುಕ್ಕುವ ಹೊರಬೆಳಕು. ರಾ (ಸೆನ್ಸರಿನ ಮೂಲ ಮಾಹಿತಿ ಉಳಿಸುವ) ಫೈಲಿನಲ್ಲಿ ಮೂರು ಚಿತ್ರ: ಬೆಳಕು ಸರಿಯಾದದ್ದು, ಎರಡು ಸ್ಟಾಪ್ (ಕಾಲು ಭಾಗಕ್ಕೆ) ಕಡಿಮೆ, ಎರಡು ಸ್ಟಾಪ್ (ನಾಲ್ಕು ಪಟ್ಟು) ಹೆಚ್ಚು. ನಂತರ ಜೋಡಿಸಿ. ಕ್ಯಾಮೆರಾದ ಪುಟ್ಟ ಫ್ಲ್ಯಾಷ್ ಎತ್ತಲೇಬೇಡಿ, ಲೆನ್ಸ್ ಹುಡ್ಡಿನ ನೆರಳು ಕೆಳಗೆ ಅರ್ಧಚಂದ್ರವಾಗಿ ಬೀಳುತ್ತದೆ. ಕೈಯಲ್ಲಿ ಹಿಡಿದೇ 1/15 ಸೆಕೆಂಡ್‌ವರೆಗೆ ಇಳಿಯಬಹುದು, ಅಗಲ ಲೆನ್ಸಿನಲ್ಲಿ ಕೈನಡುಕ ಅಷ್ಟಾಗಿ ಕಾಣದು.

7. ಜೊತೆಗೆ ಬಂದವರು

ಕಲ್ಲಿನ ರಥದ ಮುಂದೆ ಮನೆಮಂದಿಯನ್ನು ಸಾಲಾಗಿ ನಿಲ್ಲಿಸುವುದು ಇದ್ದದ್ದೇ, 50 ರೂಪಾಯಿ ನೋಟಿನ ಮೇಲಿರುವ ರಥವಲ್ಲವೇ. ಸಾಲಿನ ಕೊನೆಯವರನ್ನು ಚಿತ್ರದ ಅಂಚಿಗೆ ತಂದರೆ ಅವರ ತಲೆ ಹಲಸಿನಕಾಯಿಯಂತೆ ಹೊರಕ್ಕೆ ಎಳೆದುಕೊಂಡು, ತೋಳು ದಪ್ಪವಾಗಿ ಬರುತ್ತದೆ. ಎಡ-ಬಲಗಳಲ್ಲಿ ಆರನೇ ಒಂದು ಭಾಗ ಖಾಲಿ ಬಿಡಿ. ಅಂಚಿನಲ್ಲಿ ಅತ್ತೆಯವರನ್ನಂತೂ ನಿಲ್ಲಿಸಲೇಬೇಡಿ.

ಮೊಬೈಲಿನ 0.5 ಎಕ್ಸ್ ಬಳಸುವವರಿಗೂ ಇದೇ ನಿಯಮ. ಅದು ಹೆಚ್ಚಾಗಿ 13 ಮಿ.ಮೀ. ಆಸುಪಾಸಿನ ನೋಟ, ಎಳೆತ ಇನ್ನೂ ಜಾಸ್ತಿ. ಜನರಿದ್ದಾಗ 1 ಎಕ್ಸ್‌ಗೆ ಬನ್ನಿ.

8. ಮನೆಗೆ ಬಂದ ಮೇಲೆ

ಮೊದಲು ಲೆನ್ಸ್ ಪ್ರೊಫೈಲ್ (ಲೆನ್ಸಿನದೇ ವಕ್ರತೆ ತೆಗೆಯುವ) ತಿದ್ದುಪಡಿ, ಆಮೇಲೆ ನೇರ ಗೆರೆಗಳ ತಿದ್ದುಪಡಿ, ಕೊನೆಗೆ ಕತ್ತರಿಸುವುದು. ಈ ಕ್ರಮ ತಿರುವುಮುರುವಾದರೆ ಕೆಲಸ ಎರಡೆರಡು ಸಲ. ಲೈಟ್‌ರೂಮ್ ತಂತ್ರಾಂಶ ಇಲ್ಲದವರಿಗೆ ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಇದೆ, ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್. ಮಟ್ಟ ಹಿಡಿಯಲು ಜಾಗವೇ ಸಿಗದೆ ಮೂತಿ ಎತ್ತಿ ತೆಗೆದ ಚಿತ್ರಗಳಿದ್ದರೆ ಗೆರೆ ನೆಟ್ಟಗೆ ಮಾಡುವಾಗ ಎಡ-ಬಲ ಅಂಚು ಕತ್ತರಿಸಿ ಹೋಗುತ್ತದೆ, ಹಾಗಾಗಿ ತೆಗೆಯುವಾಗಲೇ ಎರಡೂ ಕಡೆ ಸಡಿಲ ಬಿಟ್ಟಿರಬೇಕು. ತಿದ್ದುವ ಸ್ಲೈಡರನ್ನು ಪೂರ್ತಿ ಎಳೆಯಬೇಡಿ. ತೀರಾ ನೆಟ್ಟಗೆ ಮಾಡಿದ ಗೋಪುರ ತಲೆ ದಪ್ಪವಾಗಿ ಮುಂದಕ್ಕೆ ಬಾಗಿದಂತೆ ತೋರುತ್ತದೆ. ನೂರರಲ್ಲಿ ಎಂಬತ್ತೈದಕ್ಕೆ ನಿಲ್ಲಿಸಿ.