ಆನೆ ಕಾಸಿನ ಪಟ್ಟಿ ಮತ್ತು ಕೊಳ್ಳದೆ ಬಿಟ್ಟ ನಾಣ್ಯಗಳ ಪುಸ್ತಕ

ನಾನು ಸಂಗ್ರಹಿಸುವುದು ಟಿಪ್ಪು ಸುಲ್ತಾನನ ಕಾಲದ, ಆನೆಯ ಚಿತ್ರವಿರುವ ತಾಮ್ರದ ನಾಣ್ಯಗಳನ್ನು ಮಾತ್ರ, ಅವುಗಳಲ್ಲಿಯೂ ಪಟ್ಟಣ ಮತ್ತು ನಗರ ಎಂಬ ಎರಡು ಟಂಕಸಾಲೆಗಳಲ್ಲಿ ಅಚ್ಚಾದವುಗಳನ್ನು. ಪಟ್ಟಣವೆಂದರೆ ಶ್ರೀರಂಗಪಟ್ಟಣ, ನಗರವೆಂದರೆ ಹಿಂದೆ ಬಿದನೂರು ಎನಿಸಿಕೊಂಡಿದ್ದ, ಈಗ ಹೊಸನಗರ ತಾಲ್ಲೂಕಿಗೆ ಸೇರಿದ ಊರು. ಇಷ್ಟು ಕಿರಿದಾದ ಗಡಿ ಏಕೆ ಎಂದು ಹೊಸದಾಗಿ ಈ ಹವ್ಯಾಸಕ್ಕೆ ಬಂದವರು ಕೇಳುತ್ತಾರೆ. ನಾಣ್ಯ ಪ್ರದರ್ಶನದ ಮೇಜಿನ ಮುಂದೆ ನಿಂತಾಗ ಕೈ ತಡೆಯಬಲ್ಲದ್ದು ಈ ಗಡಿ ಒಂದೇ ಎಂಬುದು ನನ್ನ ಅನುಭವ. ತಿಂಗಳಿಗೆ ಇಷ್ಟೇ ಖರ್ಚು ಎಂಬ ಮಿತಿ ಒಳ್ಳೆಯದೇ ಆದರೂ ಅದು ಹಣದ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಯಾವ ನಾಣ್ಯ ಬೇಕು ಎಂಬುದನ್ನು ಹೇಳುವುದಿಲ್ಲ.

ಗಡಿ ಹಾಕಿಕೊಂಡ ಮೇಲೆ ಪಟ್ಟಿ ತಯಾರಿಸಿದೆ. ಟಿಪ್ಪುವಿನ ತಾಮ್ರದ ನಾಣ್ಯಗಳಿಗೆ ಗ್ರಹ ನಕ್ಷತ್ರಗಳ ಹೆಸರುಗಳಿವೆ: ಪೈಸೆಗೆ ಜೊಹ್ರಾ, ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್, ಅಂದರೆ ತಾರೆ, ಅದಕ್ಕಿಂತ ಚಿಕ್ಕದಕ್ಕೆ ಕುತ್ಬ್, ಅಂದರೆ ಧ್ರುವನಕ್ಷತ್ರ. ಆಳ್ವಿಕೆಯ ಆರಂಭದ ನಾಣ್ಯಗಳಲ್ಲಿ ಹಿಜರಿ ವರ್ಷವಿದ್ದರೆ, 1787ರ ಸುಮಾರಿಗೆ ಟಿಪ್ಪುವೇ ಬಳಕೆಗೆ ತಂದ ಮೌಲೂದಿ ಶಕೆಯ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಲಾಗಿದೆ. ಆದ್ದರಿಂದ 1218ನೆಯ ವರ್ಷ ನಮ್ಮ ಕಣ್ಣಿಗೆ 8121 ಎಂದು ಕಾಣುತ್ತದೆ; 1221 ಮಾತ್ರ ಯಾವ ಕಡೆಯಿಂದ ಓದಿದರೂ ಒಂದೇ. ಅಡ್ಡಸಾಲಿನಲ್ಲಿ ವರ್ಷ, ಉದ್ದಸಾಲಿನಲ್ಲಿ ಟಂಕಸಾಲೆ ಮತ್ತು ಮುಖಬೆಲೆ ಎಂದು ಒಂದು ದೊಡ್ಡ ಹಾಳೆಯಲ್ಲಿ ಮನೆಗಳನ್ನು ಎಳೆದು, ಸಿಕ್ಕಿರುವುದಕ್ಕೆ ಗುರುತು ಹಾಕಿದ್ದೇನೆ. ಅದರ ಫೋಟೊ ಸದಾ ಫೋನಿನಲ್ಲಿರುತ್ತದೆ. ಯಾವ ನಾಣ್ಯ ಎದುರಿಗೆ ಬಂದರೂ ನನ್ನ ಮೊದಲ ಪ್ರಶ್ನೆ, ಇದು ಯಾವ ಖಾಲಿ ಮನೆಗೆ ಹೋಗುತ್ತದೆ ಎಂಬುದು.

ಎರಡನೆಯ ಪ್ರಶ್ನೆ ಸ್ಥಿತಿಗೆ ಸಂಬಂಧಿಸಿದ್ದು. ಕೈಯಿಂದ ಅಚ್ಚೊತ್ತಿದ ಈ ಕಾಸುಗಳಲ್ಲಿ ಅಚ್ಚಿಗಿಂತ ತಾಮ್ರದ ಬಿಲ್ಲೆಯೇ ಚಿಕ್ಕದಾಗಿರುವುದು ಸಾಮಾನ್ಯ. ಆನೆಯ ದೇಹ, ಸೊಂಡಿಲು ಎಲ್ಲವೂ ಚೆನ್ನಾಗಿ ಮೂಡಿದ್ದರೂ ಆನೆಯ ಮೇಲ್ಭಾಗದಲ್ಲಿರಬೇಕಾದ ವರ್ಷ ಅಂಚಿನಾಚೆಗೆ ಹೋಗಿಬಿಟ್ಟಿರುತ್ತದೆ. ವರ್ಷವೇ ಕಾಣದ ಮೇಲೆ ಅದು ನನ್ನ ಪಟ್ಟಿಯ ಯಾವ ಮನೆಗೂ ಸೇರದು, ಎಷ್ಟೇ ಅಂದವಾಗಿದ್ದರೂ ಬಿಡುತ್ತೇನೆ. ಇನ್ನು ಕೆಲವು ನಾಣ್ಯಗಳು ಗಾಜಿನ ಪೆಟ್ಟಿಗೆಯಲ್ಲಿ ಹೊಸ ತಂಬಿಗೆಯ ಹಾಗೆ ಹೊಳೆಯುತ್ತ ಮೊದಲ ನೋಟಕ್ಕೇ ಮನಸ್ಸನ್ನು ಸೆಳೆಯುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಡಿ ಹಿಡಿದರೆ, ಹುಣಸೆಹಣ್ಣು ಹಚ್ಚಿ ಉಜ್ಜಿದ ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಓಡಿರುವುದು, ಅಕ್ಷರಗಳ ಸಂದಿಯಲ್ಲಿ ಮಾತ್ರ ಹಳೆಯ ಕಂದು ಉಳಿದಿರುವುದು ಕಾಣುತ್ತದೆ. ಇನ್ನೂರು ವರ್ಷಗಳಿಂದ ಕೂಡಿಬಂದ ಆ ಬಣ್ಣ ಒಮ್ಮೆ ಹೋದರೆ ಮತ್ತೆ ಬಾರದು. ಚಿಕ್ಕ ಡಿಜಿಟಲ್ ತಕ್ಕಡಿಯನ್ನೂ ಜೊತೆಗೆ ಒಯ್ಯುತ್ತೇನೆ. ಪೈಸೆ ಸುಮಾರು 11 ಗ್ರಾಂ ತೂಗಬೇಕು. ಎರಕ ಹೊಯ್ದ ನಕಲುಗಳು ತೂಕದಲ್ಲಿಯೋ ಅಂಚಿನ ಗೆರೆಯಲ್ಲಿಯೋ ಸಿಕ್ಕಿಬೀಳುವುದುಂಟು. ಇಷ್ಟೆಲ್ಲ ಪರೀಕ್ಷೆಗೆ ಹಿಡಿಯುವ ಐದು ಹತ್ತು ನಿಮಿಷಗಳಲ್ಲಿಯೇ ಕೊಳ್ಳುವ ಆತುರ ಅರ್ಧ ಇಳಿದಿರುತ್ತದೆ.

ತೀರ ದೂರದ ನಾಣ್ಯಗಳನ್ನು ಬಿಡುವುದು ನನಗೆ ಕಷ್ಟವಲ್ಲ. ಬೃಹದೀಶ್ವರ ದೇವಾಲಯದ ಸಾವಿರ ವರ್ಷದ ನೆನಪಿಗೆ ಸರ್ಕಾರ ಹೊರಡಿಸಿದ 1000 ರೂಪಾಯಿಯ ನಾಣ್ಯವನ್ನಾಗಲಿ, ವಿಜಯನಗರದ ಅಚ್ಯುತರಾಯನ ಗಂಡಭೇರುಂಡದ ಚಿನ್ನದ ನಾಣ್ಯವನ್ನಾಗಲಿ ಕಂಡಾಗ ಮೆಚ್ಚಿ ಮುಂದೆ ನಡೆಯಬಲ್ಲೆ. ನಿಜವಾದ ಸೆಳೆತವಿರುವುದು ಪಕ್ಕದ ಮನೆಯ ನಾಣ್ಯಗಳಲ್ಲಿ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಚ್ಚಾದ ತಾಮ್ರದ ಕಾಸುಗಳಲ್ಲಿಯೂ ಆನೆಯಿದೆ, ಮೇಲೆ ಸೂರ್ಯ ಚಂದ್ರರಿದ್ದಾರೆ, ಕನ್ನಡದಲ್ಲಿಯೇ ‘ಶ್ರೀ’ ಇದೆ. ಇದೂ ಮೈಸೂರಿನದೇ, ಇದೂ ಆನೆಯೇ, ಅದರ ಮುಂದುವರಿಕೆಯೇ ಎಂದು ಮನಸ್ಸು ಬಹಳ ಚೆನ್ನಾಗಿ ವಾದಿಸುತ್ತದೆ, ವಾದದಲ್ಲಿ ಹುರುಳೂ ಇದೆ. ಆ ವಾದವನ್ನು ಒಪ್ಪಿದರೆ ನಾಳೆ ಮುಮ್ಮಡಿಯವರ ಕಾಲದ್ದೇ ಆದ ಮಯಿಲಿ ಕಾಸು ಎಂಬ ತಾಮ್ರದ ನಾಣ್ಯಗಳೂ ಬೇಕಾಗುತ್ತವೆ, ನಾಡಿದ್ದು ಹೈದರಾಲಿಯವೂ ಬೇಕಾಗುತ್ತವೆ. ಆದ್ದರಿಂದ ಹೋಲಿಸಿ ನೋಡಲೆಂದು ಮುಮ್ಮಡಿಯವರ ಒಂದೇ ಒಂದು ಆನೆ ಕಾಸನ್ನು ಇಟ್ಟುಕೊಂಡು ಅಲ್ಲಿಗೆ ನಿಲ್ಲಿಸಿದ್ದೇನೆ.

ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಕೊಳ್ಳದೆ ಬಿಟ್ಟ ನಾಣ್ಯಗಳ ಪುಸ್ತಕ. ಆಸೆಯಾದರೂ ಬಿಟ್ಟ ಪ್ರತಿಯೊಂದು ನಾಣ್ಯದ ವಿವರ, ಹೇಳಿದ ಬೆಲೆ, ಬಿಟ್ಟ ಕಾರಣ ಇಷ್ಟನ್ನು ಅದೇ ದಿನ ಬರೆದಿಡುತ್ತೇನೆ. “ಸಾರ್, ಇಂಥ ಪೀಸು ಮತ್ತೆ ಸಿಗಲ್ಲ” ಎಂದು ಹೇಳಿಸಿಕೊಂಡ ನಾಣ್ಯಗಳಲ್ಲಿ ಹೆಚ್ಚಿನವು ವರ್ಷ ಕಳೆಯುವುದರೊಳಗೆ ಬೇರೊಂದು ಮೇಜಿನಲ್ಲಿ, ಹಲವು ಸಲ ಉತ್ತಮ ಸ್ಥಿತಿಯಲ್ಲಿಯೇ, ಮತ್ತೆ ಕಂಡಿವೆ ಎಂಬುದು ಆ ಪುಸ್ತಕದಿಂದಲೇ ನನಗೆ ಗೊತ್ತಾದದ್ದು. ಬೆಲೆಗಳ ಏರಿಳಿತವೂ ಅದರಲ್ಲಿಯೇ ಸಿಗುತ್ತದೆ.

ಹರಾಜಿನ ಮಾತು ಬೇರೆ. ಅಲ್ಲಿ ಯೋಚಿಸಲು ಸಮಯವಿಲ್ಲ. ಕೂಗು ನಿಂತ ಬೆಲೆಯ ಮೇಲೆ ಹರಾಜುದಾರರ ಕಮಿಷನ್, ತೆರಿಗೆ, ಅಂಚೆ ವೆಚ್ಚ ಸೇರುವುದರಿಂದ, ಎಲ್ಲವನ್ನೂ ಕೂಡಿಸಿ ನಾನು ಕೊಡಬಲ್ಲ ಮೊತ್ತವನ್ನು ಹಿಂದಿನ ದಿನವೇ ಬರೆದು, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ನನ್ನ ಕೊನೆಯ ಕೂಗನ್ನು ಮೊದಲೇ ದಾಖಲಿಸಿ ಪರದೆಯ ಮುಂದಿನಿಂದ ಎದ್ದುಹೋಗುತ್ತೇನೆ. ಬೇಕಾದ ಒಂದು ಕಾಸಿನ ಜೊತೆ ಬೇಡದ ಹತ್ತನ್ನು ಕಟ್ಟಿದ ಲಾಟ್‌ಗಳಿಗೆ ಕೈಹಾಕುವುದಿಲ್ಲ. ನಾಳೆ ಮಾರಿದರೆ ದುಪ್ಪಟ್ಟು ಎಂಬ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ಹೊರದೇಶಕ್ಕೆ ಮಾರಲು ಬರುವುದಿಲ್ಲ. ಆತುರದಲ್ಲಿ ಕೊಂಡದ್ದನ್ನು ಇಲ್ಲಿಯ ಮಾರುಕಟ್ಟೆಯಲ್ಲಿಯೇ, ಬಹುಪಾಲು ಕೊಂಡದ್ದಕ್ಕಿಂತ ಕಡಿಮೆಗೆ, ಮಾರಬೇಕಾಗುತ್ತದೆ.

ಈಗ ನನ್ನ ಹಾಳೆಯಲ್ಲಿ ಪಟ್ಟಣದ ಸಾಲು ಬಹುತೇಕ ತುಂಬಿದೆ. ನಗರದ ಸಾಲಿನಲ್ಲಿ, ಅದರಲ್ಲೂ ಕಾಲು ಪೈಸೆಯ ಅಖ್ತರ್‌ಗಳಲ್ಲಿ, ಖಾಲಿ ಮನೆಗಳು ಇನ್ನೂ ಹಲವಿವೆ. ಮುಂದಿನ ಪ್ರದರ್ಶನಕ್ಕೆ ಹೋಗುವಾಗ ಮೊದಲು ಹುಡುಕುವುದು ಅವುಗಳನ್ನೇ.