ಮಂಜಿಗೆ ಜೋತುಬೀಳದ ನಕ್ಷತ್ರ: ಕಡಿಮೆ ಖರ್ಚಿನಲ್ಲಿ ಕ್ರಿಸ್ಮಸ್ ಅಲಂಕಾರ

ಡಿಸೆಂಬರ್ 24ರ ರಾತ್ರಿ ಕೊಡಗಿನ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಪೂಜೆಗೆ ಹೊರಟರೆ ದಾರಿಯುದ್ದಕ್ಕೂ ಮನೆ ಮನೆಯ ಮುಂದೆ ನಕ್ಷತ್ರ ಉರಿಯುತ್ತಿರುತ್ತದೆ. ಮಕ್ಕಳು ಕೈಯಾರೆ ಮಾಡಿದ್ದು ಯಾವುದು ಎಂದು ದೂರದಿಂದಲೇ ಗೊತ್ತಾಗುತ್ತದೆ: ಒಂದು ಮೂಲೆ ಉದ್ದ, ಒಂದು ಗಿಡ್ಡ, ಕಾಗದ ಮಂಜಿಗೆ ನೆನೆದು ಹೊಟ್ಟೆ ಬಿಟ್ಟಿರುತ್ತದೆ. ಅಷ್ಟು ಆಸೆಯಿಂದ ಮಾಡಿದ್ದು ಹಬ್ಬದ ದಿನವೇ ಜೋತುಬಿದ್ದರೆ ಮಕ್ಕಳ ಮುಖ ನೋಡಲಾಗುವುದಿಲ್ಲ. ಮರುವರ್ಷ ಆ ಮನೆಯವರು ಅಂಗಡಿಯಿಂದ ಪ್ಲಾಸ್ಟಿಕ್ ನಕ್ಷತ್ರ ತರುತ್ತಾರೆ. ತಪ್ಪು ಆಗುವುದು ಎರಡೇ ಕಡೆ: ಕಡ್ಡಿಗೆ ಗುರುತು ಹಾಕುವಾಗ ಮತ್ತು ಕಾಗದ ಅಂಟಿಸುವಾಗ. ಅವೆರಡನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಬಲಿತ ಬಿದಿರಿನ ಒಂದು ತುಂಡು, ಆರೇಳು ಹಾಳೆ ಗಾಳಿಪಟದ ಕಾಗದ, ಒಂದು ಉಂಡೆ ಹತ್ತಿ ದಾರ, ಸ್ವಲ್ಪ ಮೈದಾ, ಹೋಲ್ಡರ್ ಇರುವ ಹಳೇ ವಯರು, ಒಂದು ಬಲ್ಬು. ಕಳೆದ ವರ್ಷ ನನ್ನ ಕೈಯಿಂದ ಹೋದದ್ದು 130 ರೂಪಾಯಿ, ಅದರಲ್ಲಿ 80 ಬಲ್ಬಿಗೇ ಆಯಿತು. ಬಿದಿರನ್ನು ಬೇಲಿಯಿಂದಲೋ ಪಕ್ಕದ ತೋಟದವರನ್ನು ಕೇಳಿಯೋ ತನ್ನಿ, ಕಾಡಿಗೆ ಕತ್ತಿ ಹಿಡಿದು ಹೋಗಬೇಡಿ. ಎಳೆ ಬಿದಿರು ಬೇಡವೇ ಬೇಡ, ಒಣಗುತ್ತಾ ಸುಕ್ಕಾಗಿ ತಿರುಚಿಕೊಳ್ಳುತ್ತದೆ.

ಕಡ್ಡಿ, ಗುರುತು, ಕಟ್ಟು

60 ಸೆಂಟಿಮೀಟರ್ ಉದ್ದದ ಹತ್ತು ದಬ್ಬೆ ಸೀಳಿಕೊಳ್ಳಿ: ಎದುರಿನ ಚೌಕಟ್ಟಿಗೆ ಐದು, ಬೆನ್ನಿನ ಚೌಕಟ್ಟಿಗೆ ಐದು. ಅಗಲ ಕಿರುಬೆರಳಿನ ಉಗುರಿನಷ್ಟು, ದಪ್ಪ ಮೂರು ನಾಲ್ಕು ಮಿಲಿಮೀಟರ್. ಒಳಗಿನ ಬಿಳಿ ತಿರುಳನ್ನು ಹೆರೆದು ತೆಗೆಯಿರಿ, ಹೊರಗಿನ ಹೊಳೆಯುವ ಸಿಪ್ಪೆಯನ್ನು ಮುಟ್ಟಬೇಡಿ. ಬಾಗಿದರೂ ಮುರಿಯದಂತೆ ಹಿಡಿದುಕೊಳ್ಳುವುದು ಆ ಸಿಪ್ಪೆಯೇ.

ಈಗ ಗುರುತು. ಪ್ರತಿ ಕಡ್ಡಿಯ ಎರಡೂ ತುದಿಯಿಂದ 23 ಸೆಂಟಿಮೀಟರಿಗೆ ಪೆನ್ನಿನಲ್ಲಿ ಒಂದೊಂದು ಗೆರೆ ಎಳೆಯಿರಿ. ನಡುವೆ 14 ಸೆಂಟಿಮೀಟರ್ ಉಳಿಯುತ್ತದೆ. ಐದು ಸಮ ಕಡ್ಡಿಗಳು ನಕ್ಷತ್ರವಾಗಿ ಕೂಡಿದಾಗ ಒಂದನ್ನೊಂದು ದಾಟುವ ಜಾಗ ಇದೇ, ಬೇರೆ ಎಲ್ಲೂ ಅಲ್ಲ. ಗಣಿತದವರು ಸುವರ್ಣ ಅನುಪಾತ ಎನ್ನುವುದು ಇದನ್ನೇ. ದೊಡ್ಡ ನಕ್ಷತ್ರ ಬೇಕಿದ್ದರೆ ಕಡ್ಡಿಯ ಉದ್ದವನ್ನು 0.38ರಿಂದ ಗುಣಿಸಿ, 90 ಸೆಂಟಿಮೀಟರಿನ ಕಡ್ಡಿಗೆ ಗುರುತು 34ಕ್ಕೆ ಬರುತ್ತದೆ. ಗೆರೆ ಎಳೆಯದೆ ಕಣ್ಣಂದಾಜಿನಲ್ಲಿ ಕಟ್ಟಿದ ನಕ್ಷತ್ರ ಸರಿಯಾಗಿ ಬಂದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಗುರುತಿನ ಜಾಗಕ್ಕೆ ಬಿದಿರಿನ ಗೆಣ್ಣು ಬಂದರೆ ಆ ಕಡ್ಡಿಯನ್ನು ಬಿಟ್ಟು ಬೇರೆ ತೆಗೆದುಕೊಳ್ಳಿ.

ಪೆನ್ಸಿಲ್ ಎತ್ತದೆ ಮಕ್ಕಳು ನಕ್ಷತ್ರ ಬರೆಯುತ್ತಾರಲ್ಲ, ಅದೇ ಕ್ರಮದಲ್ಲಿ ಐದು ಕಡ್ಡಿಗಳನ್ನು ನೆಲದ ಮೇಲೆ ಜೋಡಿಸಿ. ಪ್ರತಿ ಕಡ್ಡಿಯೂ ಒಂದು ಗುರುತಿನಲ್ಲಿ ಮೇಲೆ ಹೋಗಬೇಕು, ಇನ್ನೊಂದರಲ್ಲಿ ಕೆಳಗೆ ಹೋಗಬೇಕು, ಚಾಪೆ ನೇಯ್ದ ಹಾಗೆ. ಗುರುತಿನ ಮೇಲೆ ಗುರುತು ಕೂತಿದೆಯೇ ಎಂದು ಐದೂ ಕಡೆ ನೋಡಿಕೊಂಡು ತುದಿಗಳನ್ನು ಬಿಗಿಯಾಗಿ ಕಟ್ಟಿ. ಒಳಗಿನ ಐದು ದಾಟುಗಳನ್ನು ಸದ್ಯಕ್ಕೆ ಸಡಿಲವಾಗಿಯೇ ಬಿಡಿ. ಎರಡನೆಯ ಚೌಕಟ್ಟನ್ನು ಮೊದಲನೆಯದರ ಮೇಲಿಟ್ಟೇ ಕಟ್ಟಿದರೆ ಎರಡೂ ಒಂದೇ ಅಳತೆಗೆ ಬರುತ್ತವೆ.

ಎರಡು ಚೌಕಟ್ಟುಗಳನ್ನೂ ಸಿಪ್ಪೆ ಹೊರಗೆ ಬರುವಂತೆ ಎದುರುಬದುರು ಇಟ್ಟು ಐದು ತುದಿಗಳನ್ನು ಜೊತೆಗೂಡಿಸಿ ಕಟ್ಟಿ. ನಕ್ಷತ್ರ ಇನ್ನೂ ಚಪ್ಪಟೆಯಾಗಿಯೇ ಇದೆ. ಅದಕ್ಕೆ ಹೊಟ್ಟೆ ಬರಿಸಲು 9 ಸೆಂಟಿಮೀಟರಿನ ಐದು ಊರೆಗೋಲು ಬೇಕು. ಕಾಫಿ ಗಿಡದಿಂದ ತೆಗೆದು ಹಾಕಿದ ಒಣ ಕಂಬಚಿಗುರು, ಎಂದರೆ ನೆಟ್ಟಗೆ ಮೇಲಕ್ಕೆ ಏಳುವ ಚಿಗುರು ಕೊಂಬೆ, ಇದಕ್ಕೆ ಹೇಳಿ ಮಾಡಿಸಿದ್ದು. ಎರಡೂ ತುದಿಗೆ ಕತ್ತಿಯಿಂದ ಸಣ್ಣ ಕಚ್ಚು ಹಾಕಿ, ಕಡ್ಡಿಗಳು ದಾಟುವ ಜಾಗ ಆ ಕಚ್ಚಿನಲ್ಲಿ ಕೂರುವಂತೆ ಒಂದೊಂದನ್ನೇ ಒಳಗೆ ನಿಲ್ಲಿಸಿ. ಪಕ್ಕಪಕ್ಕದಲ್ಲೇ ನಿಲ್ಲಿಸುತ್ತಾ ಹೋದರೆ ಕೊನೆಯದಕ್ಕೆ ಬರುವಷ್ಟರಲ್ಲಿ ಕಡ್ಡಿ ಲಟಕ್ಕೆಂದು ಮುರಿಯುತ್ತದೆ. ಜೀಪಿನ ಚಕ್ರದ ನಟ್ಟು ಬಿಗಿಸುವಂತೆ ಒಂದು ಬಿಟ್ಟು ಒಂದರಂತೆ ಹೋಗಿ. ಬಿದಿರು ತೀರಾ ಒಣಗಿದ್ದರೆ ಮೊದಲು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿಡಿ. ಐದೂ ನಿಂತ ಮೇಲೆ ಸಡಿಲ ಬಿಟ್ಟಿದ್ದ ದಾಟುಗಳನ್ನು ಊರೆಗೋಲಿನ ಜೊತೆ ಸೇರಿಸಿ ಗಟ್ಟಿಯಾಗಿ ಕಟ್ಟಿ. ಅಂಗೈಯಿಂದ ಅದುಮಿದರೆ ಚೌಕಟ್ಟು ಎದುರು ಒತ್ತಬೇಕು. ಒತ್ತಿದ ಕಡೆಗೆ ವಾಲಿದರೆ ಎಲ್ಲೋ ಒಂದು ಕಟ್ಟು ಸಡಿಲವಿದೆ ಎಂದರ್ಥ, ಹುಡುಕಿ ಬಿಗಿ ಮಾಡಿ.

ಕಾಗದ

ಅಂಟು ಮನೆಯಲ್ಲೇ ಕಾಯಿಸಿ. ಒಂದು ಲೋಟ ನೀರಿಗೆ ಎರಡು ಚಮಚ ಮೈದಾ, ಸಣ್ಣ ಉರಿ, ಕೈಬಿಡದೆ ಕದಡಿ. ಇಳಿಸಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಂಡು ಒಂದು ಚಿಟಿಕೆ ಮೈಲುತುತ್ತ ಬೆರೆಸಿ. ಕಾಫಿ ತೋಟ ಇರುವ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಹಾಗೆ ಮಾಡಿದರೆ ಜಿರಳೆ ಕಾಗದ ತಿನ್ನುವುದಿಲ್ಲ, ಅಂಟಿಗೆ ಬೂಸ್ಟು ಹಿಡಿಯುವುದಿಲ್ಲ. ಆದರೆ ಅದು ವಿಷ. ಅಡಿಗೆ ಪಾತ್ರೆಗೆ ಸೋಕಿಸಬೇಡಿ, ಈ ಅಂಟನ್ನು ಸಣ್ಣ ಮಕ್ಕಳ ಕೈಗೆ ಕೊಡಬೇಡಿ. ಅಲ್ಯೂಮಿನಿಯಂ, ಕಬ್ಬಿಣವನ್ನು ಅದು ತಿಂದುಹಾಕುತ್ತದೆ, ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಗಿಡಗಳಿಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕದಡುವುದೂ ಇದೇ ಕಾರಣಕ್ಕೆ. ಸೆಲ್ಲೋಟೇಪ್ ಸಾಕಲ್ಲವೇ ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಸಾಲದು. ನಮ್ಮ ಡಿಸೆಂಬರಿನ ಒಂದು ರಾತ್ರಿಯ ಇಬ್ಬನಿಗೆ ಟೇಪು ಎದ್ದು ಬರುತ್ತದೆ.

ಒಂದೇ ದೊಡ್ಡ ಹಾಳೆಯನ್ನು ಇಡೀ ನಕ್ಷತ್ರಕ್ಕೆ ಹೊದಿಸಬೇಡಿ, ಸುಕ್ಕು ಬೀಳುವುದು ಅಲ್ಲಿಂದಲೇ. ಒಟ್ಟು 22 ತುಂಡು ಬೇಕು: ಎದುರಿಗೆ ಐದು ತ್ರಿಕೋನ, ನಡುವಿಗೆ ಒಂದು ಐದು ಮೂಲೆಯದು, ಬೆನ್ನಿಗೂ ಹಾಗೆಯೇ ಆರು, ಪಕ್ಕಗಳಿಗೆ ಕಿರಿದಾದ ಹತ್ತು. ಮೊದಲು ಹಳೇ ಪೇಪರಿನಲ್ಲಿ ಅಚ್ಚು ಕತ್ತರಿಸಿ ಇಟ್ಟು ನೋಡಿ, ಸುತ್ತ ಒಂದು ಸೆಂಟಿಮೀಟರ್ ಹೆಚ್ಚು ಬಿಡಿ. ಅಂಟನ್ನು ಬಿದಿರಿಗೆ ಹಚ್ಚಿ, ಕಾಗದಕ್ಕಲ್ಲ. ಕಾಗದಕ್ಕೆ ಹಚ್ಚಿದರೆ ಅದು ನೆನೆದು ಹಿಗ್ಗುತ್ತದೆ, ಆಮೇಲೆ ಎಷ್ಟು ಎಳೆದರೂ ಬಿಗಿಯಾಗುವುದಿಲ್ಲ. ಪಕ್ಕದ ಹತ್ತನ್ನು ಮೊದಲು ಅಂಟಿಸಿ, ಬಳಿಕ ಬೆನ್ನು, ಎದುರಿನದು ಕೊನೆಗೆ. ಬೆನ್ನಿನ ನಡುವಿನ ತುಂಡನ್ನು ಮೇಲಿನ ಒಂದು ಅಂಚಿಗೆ ಮಾತ್ರ ಅಂಟಿಸಿ, ಬಲ್ಬು ಹಾಕಲು ಅದೇ ಬಾಗಿಲು. ಒಂದು ರಾತ್ರಿ ಮನೆಯೊಳಗೆ ಒಣಗಲಿ. ಬೇಗ ಒಣಗಲೆಂದು ಒಲೆಯ ಹತ್ತಿರ ಇಟ್ಟರೆ ಕಾಗದ ಮೊದಲು ಒಣಗಿ ಸೀಳಿಬಿಡುತ್ತದೆ.

ಬಲ್ಬು ಎಲ್‌ಇಡಿಯೇ ಆಗಬೇಕು, ಮೂರರಿಂದ ಐದು ವ್ಯಾಟ್ ಸಾಕು. ನಾನೊಮ್ಮೆ ಹಳೆಯ 60 ವ್ಯಾಟಿನ ಬಲ್ಬು ಹಾಕಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಕೆಂಪು ಕಾಗದದ ನಡುವೆ ರೊಟ್ಟಿ ಸುಟ್ಟಂಥ ಕಂದು ಮಚ್ಚೆ ಬಿದ್ದಿತ್ತು, ಮುಟ್ಟಿದರೆ ಪುಡಿಯಾಯಿತು. ಇನ್ನೈದು ನಿಮಿಷ ಬಿಟ್ಟಿದ್ದರೆ ಬೆಂಕಿಯೇ. ಮೇಣದ ಬತ್ತಿಯ ಮಾತು ಎತ್ತಲೇಬೇಡಿ. ವಯರಿನ ಜೋಡಣೆ ಮನೆಯೊಳಗೇ ಇರಲಿ. ನಕ್ಷತ್ರವನ್ನು ಸೂರಿನ ಅಂಚಿನಿಂದ ಒಂದೂವರೆ ಅಡಿ ಒಳಗೆ, ಎರಡು ದಾರದಲ್ಲಿ ತೂಗುಹಾಕಿ. ಒಂದೇ ದಾರವಾದರೆ ಗಾಳಿಗೆ ರಾತ್ರಿಯಿಡೀ ಸುತ್ತುತ್ತದೆ.

ಗೋದಲಿ ಮತ್ತು ಮರ

ಗೋದಲಿಗೆ, ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಖರ್ಚೇ ಇಲ್ಲ. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೋ ಊರಿನಲ್ಲಿ ಗೋದಲಿ ಮಾಡಿದಾಗ ಅಲ್ಲಿದ್ದದ್ದು ಹುಲ್ಲು ತುಂಬಿದ ಮೇವಿನ ತೊಟ್ಟಿ, ಎತ್ತು, ಕತ್ತೆ, ಅಷ್ಟೆ. ನಮ್ಮಲ್ಲಂತೂ ಸುಗ್ಗಿ ಹಬ್ಬ ಹುತ್ತರಿ ಮುಗಿದು ಗದ್ದೆ ಕೊಯ್ಲಾಗುವ ಕಾಲ, ಹೊಸ ಹುಲ್ಲು ಎಲ್ಲರ ಕಣದಲ್ಲೂ ಇರುತ್ತದೆ. ಗುಡಿಸಲಿಗೆ ಅಡಿಕೆ ಹಾಳೆಯ ಮಾಡು, ಅದರ ಮೇಲೆ ಹುಲ್ಲು. ಹಸಿರು ಗದ್ದೆ ಬೇಕಿದ್ದರೆ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಬಿತ್ತಿ. ಬೇರೆ ಊರಿನವರು ಒಂದು ವಾರ ಎನ್ನುತ್ತಾರೆ, ಕೊಡಗಿನ ಚಳಿಗೆ ಎರಡು ವಾರ ಇಟ್ಟುಕೊಳ್ಳಿ; ಡಿಸೆಂಬರ್ 10ಕ್ಕೆ ಬಿತ್ತಿದರೆ ಹಬ್ಬಕ್ಕೆ ಸರಿಹೋಗುತ್ತದೆ. ಮರದ ಮೇಲಿನ ಪಾಚಿಯನ್ನು ಕೆರೆದು ತರಬೇಡಿ. ಅದು ಬೆಳೆಯಲು ವರ್ಷಗಳು ಹಿಡಿಯುತ್ತವೆ, ಗೋದಲಿಯಲ್ಲಿ ಮೂರೇ ದಿನಕ್ಕೆ ಕಂದಾಗುತ್ತದೆ. ಥರ್ಮೋಕೋಲಿನ ಹಿಮ ಇನ್ನೂ ಕೆಟ್ಟದ್ದು, ಗುಡಿಸಿದಷ್ಟೂ ಹಾರುತ್ತದೆ, ಕೊನೆಗೆ ಸೇರುವುದು ತೋಡಿಗೆ. ಬಾಲಯೇಸುವನ್ನು 24ರ ರಾತ್ರಿಯೇ ಮಲಗಿಸಿ, ಅಲ್ಲಿಯವರೆಗೆ ತೊಟ್ಟಿ ಖಾಲಿ ಇರಲಿ.

ಕ್ರಿಸ್ಮಸ್ ಮರಕ್ಕೆ, ಕಿತ್ತುಹಾಕಿದ ಒಣ ರೊಬಸ್ಟಾ ಕಾಫಿ ಗಿಡಕ್ಕಿಂತ ಚಂದದ್ದು ಬೇರೆ ಇಲ್ಲ. ಸುಣ್ಣ ಬಳಿದು ಬಕೆಟಿನ ಮರಳಿನಲ್ಲಿ ನಿಲ್ಲಿಸಿದರೆ ಮುಗಿಯಿತು. ಅರೇಬಿಕಾ ಗಿಡವಾದರೆ ಎಚ್ಚರಿಕೆ: ಕಾಂಡಕೊರಕ ಬಿದ್ದು ಕಿತ್ತದ್ದಾಗಿದ್ದರೆ ಒಳಗಿನ ಹುಳು ದುಂಬಿಯಾಗಿ ಹೊರಟು ತೋಟಕ್ಕೆ ಹೋಗುತ್ತದೆ. ಅಂಥ ಗಿಡವನ್ನು ಹತ್ತು ದಿನ ನೀರಿನಲ್ಲಿ ಪೂರ್ತಿ ಮುಳುಗಿಸಿಟ್ಟ ಮೇಲೆಯೇ ಮನೆಗೆ ತನ್ನಿ. ತೂಗುಹಾಕಲು ಸಿಲ್ವರ್ ಓಕ್ ಎಲೆ ಇದೆ. ಪೇಪರಿನ ನಡುವೆ ಭಾರ ಹೇರಿ ನಾಲ್ಕು ದಿನ ಒಣಗಿಸಿ, ಬೆಳ್ಳಿ ಬಣ್ಣದ ಬೆನ್ನು ಹೊರಗೆ ಕಾಣುವಂತೆ ಕಟ್ಟಿ. ಕಾಫಿ ಹಣ್ಣಿನ ಸರ ಬೇಕೆಂದರೆ 24ರ ಸಂಜೆ ಪೋಣಿಸಿ, ಎರಡು ದಿನಕ್ಕೇ ಕಪ್ಪಾಗಿ ಹುಳಿ ವಾಸನೆ ಬರುತ್ತದೆ. ಕೆಂಪಗೆ ಚಂದ ಕಾಣುತ್ತದೆಂದು ಗುಲಗಂಜಿ ಪೋಣಿಸಬೇಡಿ. ಅದರ ಬೀಜ ಜೀವ ತೆಗೆಯುವಂಥ ವಿಷ, ಹಬ್ಬದ ಮನೆಗೆ ಕೂಸುಗಳು ಬಂದೇ ಬರುತ್ತವೆ.

ಜನವರಿಯಲ್ಲಿ ಮೂರು ರಾಯರ ಹಬ್ಬ (ಬಾಲಯೇಸುವನ್ನು ನೋಡಲು ಮೂವರು ರಾಯರು ಬಂದ ನೆನಪಿನ ಹಬ್ಬ) ಕಳೆದ ಮೇಲೆ ನಕ್ಷತ್ರ ಇಳಿಸಿ. ಕಾಗದವನ್ನು ಒದ್ದೆ ಬಟ್ಟೆಯಿಂದ ನೆನೆಸಿ ತೆಗೆದು, ಐದು ಊರೆಗೋಲುಗಳನ್ನು ಬಿಚ್ಚಿದರೆ ಚೌಕಟ್ಟು ಚಪ್ಪಟೆಯಾಗುತ್ತದೆ. ಊರೆಗೋಲುಗಳನ್ನು ಅದಕ್ಕೇ ಕಟ್ಟಿ, ಒಲೆಯ ಹೊಗೆ ತಾಗುವ ಅಟ್ಟದ ಮೇಲಿಡಿ. ನಮ್ಮ ಮನೆಯ ಚೌಕಟ್ಟಿಗೆ ಈಗ ಏಳು ವರ್ಷ. ಕಾಗದದ ಬಣ್ಣ ಮಾತ್ರ ಪ್ರತಿ ಸಲ ಮಕ್ಕಳು ಆರಿಸುತ್ತಾರೆ.